ಗೋಲ್ಡ್ ಸ್ಪಾಟ್ ಎಲ್ಲಿಗೆ ಹೋಯಿತು?

ಗೋಲಿ ಸೋಡಾ ಮರೆಗೆ ಸರಿಯಿತು, ಗೋಲ್ಡ್ ಸ್ಪಾಟ್ ನಿಂತೇ ಹೋಯಿತು, ಥಮ್ಸ್ ಅಪ್ ಉಳಿಯಿತು, ಕಾಂಪಾ ಮರಳಿ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಂಗಡಿಗಳಲ್ಲಿ ಯಾವ ಪಾನೀಯ ಸಿಗಬೇಕೆಂಬುದನ್ನು ಕುಡಿಯುವವರ ನಾಲಿಗೆಗಿಂತ ಹೆಚ್ಚಾಗಿ ಬಾಟಲಿ, ಐಸು, ರಸ್ತೆ ಮತ್ತು ಕಾನೂನು ನಿರ್ಧರಿಸುತ್ತ ಬಂದಿವೆ.

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಜಗಳೂರಿನ ಬಯಲಿನಲ್ಲಿ ಬಿಸಿಲು ಬೆಳಗಿನ ಹತ್ತು ಗಂಟೆಗೇ ಚುರುಗುಟ್ಟತೊಡಗುತ್ತದೆ. ಕಟಾವು ಮುಗಿದ ಮೆಕ್ಕೆಜೋಳದ ಹೊಲಗಳು ಬೋಳಾಗಿ ಬಿದ್ದಿರುತ್ತವೆ, ಬಸ್ ನಿಲ್ದಾಣದ ಸುತ್ತಲಿನ ಬೇಕರಿ ಮತ್ತು ಬೀಡಾ ಅಂಗಡಿಗಳಲ್ಲಿ ಗಾಜಿನ ಬಾಗಿಲಿನ ಫ್ರಿಜ್‌ಗಳು ಬೀದಿಗೆ ಮುಖಮಾಡಿ ನಿಂತಿರುತ್ತವೆ, ಹಳ್ಳಿಗಳಿಂದ ಬಂದವರು ಬಸ್ಸಿಳಿದು ಮೊದಲು ಅವುಗಳತ್ತಲೇ ನಡೆಯುತ್ತಾರೆ.

ಫ್ರಿಜ್‌ನ ಹಲಗೆಗಳಲ್ಲಿ ಥಮ್ಸ್ ಅಪ್, ಸ್ಪ್ರೈಟ್, ಮಾಝಾ, ಪುತ್ತೂರಿನ ಬಿಂದು ಜೀರಾ, ಹೊಸದಾಗಿ ಬಂದ ಕಾಂಪಾ, ಪಕ್ಕದಲ್ಲೇ ನಂದಿನಿ ಮಜ್ಜಿಗೆಯ ಪೊಟ್ಟಣಗಳು ಇರುತ್ತವೆ. ನಲವತ್ತು ದಾಟಿದ ಯಾರನ್ನು ಕೇಳಿದರೂ ಅಲ್ಲಿ ಇಲ್ಲದ ಹೆಸರುಗಳೂ ಹೊರಬರುತ್ತವೆ: ಗೋಲ್ಡ್ ಸ್ಪಾಟ್, ಸಿಟ್ರಾ, ಗೋಲಿ ಸೋಡಾ.

ಹೀಗೆ ಮಾಯವಾದವುಗಳ ಬಗ್ಗೆ ಮಾತನಾಡುವಾಗ ಜನರ ಅಭಿರುಚಿ ಬದಲಾಯಿತು ಎಂದು ಹೇಳಿ ಮುಗಿಸುವುದು ರೂಢಿಯಾಗಿದೆ. ಈ ನಾಲ್ಕು ತಾಲ್ಲೂಕುಗಳಂಥ ಕಡೆಯಿಂದ ನೋಡಿದಾಗ ಆ ವಿವರಣೆ ಅರೆಬರೆಯಾಗಿ ಕಾಣುತ್ತದೆ, ಏಕೆಂದರೆ ಇಲ್ಲಿನವರಿಗೆ ಆರಿಸಿಕೊಳ್ಳುವ ಅವಕಾಶ ಸಿಕ್ಕದ್ದು ಯಾವಾಗಲೂ ಊರಿಗೆ ತಲುಪಿದ ಪಾನೀಯಗಳ ನಡುವೆ ಮಾತ್ರ.

ರೈಲಿಲ್ಲದ ಊರುಗಳು

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರೂಪುಗೊಳ್ಳುವ ತನಕ ಜಗಳೂರು ಚಿತ್ರದುರ್ಗಕ್ಕೂ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗಕ್ಕೂ ಸೇರಿದ್ದವು. ನ್ಯಾಮತಿ ತೀರ ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ದಾವಣಗೆರೆ, ಹರಿಹರಗಳನ್ನು ಹಾದುಹೋಗುತ್ತದೆಯಾದರೂ ಈ ನಾಲ್ಕರಲ್ಲಿ ಒಂದು ತಾಲ್ಲೂಕು ಕೇಂದ್ರಕ್ಕೂ ರೈಲಿಲ್ಲ, ಆದ್ದರಿಂದ ಹೊರಗಿನ ಸರಕೆಲ್ಲ ಲಾರಿಯಲ್ಲೇ ಬರಬೇಕು.

ನಾಲ್ಕೂ ಊರುಗಳ ಕೊಳ್ಳುವ ಶಕ್ತಿ ಒಂದೇ ತೆರನಾದುದಲ್ಲ. ಭದ್ರಾ ನಾಲೆಯ ನೀರು, ಸೂಳೆಕೆರೆ ಎಂದೇ ಹೆಸರಾದ ಶಾಂತಿಸಾಗರ, ಅಡಿಕೆ ತೋಟ ಮತ್ತು ತುಮ್‌ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘ ಇರುವ ಚನ್ನಗಿರಿಯಲ್ಲಿ ಹಣ ಓಡಾಡುತ್ತದೆ. ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ ಭತ್ತ, ಮೆಕ್ಕೆಜೋಳದ ಸುಗ್ಗಿಯನ್ನು ಅನುಸರಿಸಿ ವ್ಯಾಪಾರ ಏರಿಳಿಯುತ್ತದೆ. ನ್ಯಾಮತಿಯ ಪೇಟೆ ಶಿವಮೊಗ್ಗದ ಕಡೆಗೂ ಮುಖಮಾಡಿದೆ. ಮಳೆಯನ್ನೇ ನೆಚ್ಚಿದ ಜಗಳೂರು ಬರವನ್ನು ಮತ್ತೆ ಮತ್ತೆ ಕಂಡಿದೆ.

ಊರಲ್ಲೇ ಹುಟ್ಟಿ ಊರಲ್ಲೇ ಮುಗಿದ ಸೋಡಾ

ಲಾರಿಯ ಹಂಗಿಲ್ಲದೆ ಸಣ್ಣ ಪೇಟೆಗಳನ್ನು ತಲುಪಿದ ಮೊದಲ ಅನಿಲಭರಿತ ಪಾನೀಯವೆಂದರೆ ಗೋಲಿ ಸೋಡಾ. ಅನಿಲಭರಿತ ಪಾನೀಯ ಎಂದರೆ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿಸಿದ ನೀರು. ಮುಚ್ಚಳ ತೆಗೆದ ಕೂಡಲೇ ಒತ್ತಡ ಇಳಿದು ಅನಿಲ ಗುಳ್ಳೆಗಳಾಗಿ ಹೊರಬರುತ್ತದೆ. ತಣ್ಣಗಿನ ನೀರಿನಲ್ಲಿ ಈ ಅನಿಲ ಹೆಚ್ಚು ಕರಗುವುದರಿಂದ, ಬಿಸಿಯಾದ ಸೋಡಾ ಬೇಗ ಸಪ್ಪಗಾಗುತ್ತದೆ.

ಗೋಲಿ ಸೋಡಾದ ಹೆಚ್ಚುಗಾರಿಕೆಯೆಲ್ಲ ಅದರ ಬಾಟಲಿಯಲ್ಲಿತ್ತು. ಕೊರಳಿನೊಳಗೆ ರಬ್ಬರಿನ ಬಳೆ, ಅದರ ಕೆಳಗೆ ಗಾಜಿನ ಗೋಲಿ. ನೀರು ಮತ್ತು ಅನಿಲ ತುಂಬಿ ಬಾಟಲಿಯನ್ನು ತಲೆಕೆಳಗು ಮಾಡಿದಾಗ ಗೋಲಿ ಜಾರಿ ಬಂದು ಬಳೆಗೆ ಒತ್ತಿಕೊಳ್ಳುತ್ತದೆ, ಆಮೇಲೆ ಒಳಗಿನ ಒತ್ತಡವೇ ಅದನ್ನು ಅಲ್ಲಿ ಬಿಗಿಯಾಗಿ ಹಿಡಿದಿಡುತ್ತದೆ. ಹೆಬ್ಬೆರಳಿನಿಂದಲೋ ಮರದ ಒತ್ತುಗದಿಂದಲೋ ಗೋಲಿಯನ್ನು ಕೆಳಗೆ ನೂಕಿದರೆ ಅದು ಕೊರಳಿನ ತಗ್ಗಿನಲ್ಲಿ ಕೂರುತ್ತದೆ ಮತ್ತು ಸೋಡಾ ಸರಾಗವಾಗಿ ಸುರಿಯುತ್ತದೆ.

ಪ್ರತಿ ಸಲವೂ ಹೊಸ ಬಿರಡೆ ಬೇಕಿಲ್ಲದ ಈ ಬಾಟಲಿಯಿಂದಾಗಿ, ಒಂದು ಕೈಯಂತ್ರ, ಒಂದು ಅನಿಲದ ಸಿಲಿಂಡರು, ಕೆಲವು ಡಜನ್ ಬಾಟಲಿ ಮತ್ತು ಊರಿನ ನೀರು ಇದ್ದರೆ ಸಾಕು, ಚಿಕ್ಕ ಬಂಡವಾಳದ ಒಂದು ಕುಟುಂಬ ಪೇಟೆಯಲ್ಲಿ ನೆಲೆಯೂರಬಹುದಿತ್ತು. ನಿಂಬೆ, ಶುಂಠಿ, ಕಿತ್ತಳೆ ಬಣ್ಣದ ಸಿಹಿ ಸೋಡಾ ಇವೆಲ್ಲ ಒಂದೇ ಯಂತ್ರದಿಂದ ಬರುತ್ತಿದ್ದವು. ದಾವಣಗೆರೆ ಸೀಮೆಯ ಮಂಡಕ್ಕಿ–ಮಿರ್ಚಿಯ ಖಾರಕ್ಕೆ ಸೋಡಾ ತಕ್ಕ ಜೊತೆಯಾಗಿತ್ತು.

ಅದು ಹಿಂದೆ ಸರಿಯಲು ರುಚಿ ಕೆಟ್ಟದ್ದು ಕಾರಣವಲ್ಲ. ಒಡೆದ ಬಾಟಲಿಗೆ ಬದಲಿ ಸಿಗುವುದು ಕಷ್ಟವಾಯಿತು, ಆ ಕೊರಳನ್ನು ತೊಳೆಯುವುದು ಎಂದೂ ಸುಲಭವಿರಲಿಲ್ಲ, ಸಿಹಿ ಬೆರೆಸಿದ ಸೋಡಾಕ್ಕೆ 1955ರ ಹಣ್ಣಿನ ಉತ್ಪನ್ನಗಳ ಆದೇಶದಡಿ ಪರವಾನಗಿ ಬೇಕಾಯಿತು, ಮತ್ತು ಕೊಳವೆಬಾವಿಗಳು ಆಳಕ್ಕಿಳಿದಂತೆ ನೀರಿನ ಗುಣವೂ ಬದಲಾಯಿತು. ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಜಗಳೂರಿನಂಥ ತಾಲ್ಲೂಕಿನಲ್ಲಿ, ನೀರನ್ನೇ ಕಚ್ಚಾವಸ್ತುವಾಗಿ ಉಳ್ಳ ಕಸುಬಿಗೆ ಇದು ದೊಡ್ಡ ಪೆಟ್ಟು.

ಚೌಕಟ್ಟಿನಲ್ಲಿ: ಗೋಲಿಯ ಪಯಣ
ಗೋಲಿ ಬಾಟಲಿಗೆ ಇಂಗ್ಲೆಂಡಿನ ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ. ಯುರೋಪಿನಲ್ಲಿ ಅದು ಬಳಕೆ ತಪ್ಪಿದ ಎಷ್ಟೋ ಕಾಲದ ಮೇಲೂ ಭಾರತ ಮತ್ತು ಜಪಾನಿನಲ್ಲಿ ಉಳಿಯಿತು. ಜಪಾನಿನಲ್ಲಿ ಆ ಬಾಟಲಿಯ ಪಾನೀಯದ ಹೆಸರು ರಾಮುನೆ. 2025ರಲ್ಲಿ ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆಯಾದ ಅಪೆಡಾ ಭಾರತದ ಗೋಲಿ ಸೋಡಾವನ್ನು ಅಮೆರಿಕ, ಬ್ರಿಟನ್, ಯುರೋಪ್ ಮತ್ತು ಕೊಲ್ಲಿ ದೇಶಗಳಿಗೆ ಪರಿಚಯಿಸಲು ಮುಂದಾಯಿತು.

ಖಾಲಿ ಕೊಟ್ಟರೆ ತುಂಬಿದ್ದು

ಕಂಪನಿಗಳ ಪಾನೀಯ ಇನ್ನೊಂದು ಬಗೆಯ ಬಾಟಲಿಯಲ್ಲಿ ಬಂತು. ದಪ್ಪ ಗಾಜು, ತಗಡಿನ ಬಿರಡೆ, ಒಂದು ಕ್ರೇಟಿಗೆ 24 ಬಾಟಲಿ. ಖಾಲಿ ಬಾಟಲಿ ಹಿಂದಿರುಗಿಸಿದ ಅಂಗಡಿಗೆ ಮಾತ್ರ ತುಂಬಿದ ಬಾಟಲಿ ಸಿಗುತ್ತಿತ್ತು, ಬಾಟಲಿಗೆ ಮುಂಗಡವಾಗಿ ಠೇವಣಿ ಇಡಬೇಕಿತ್ತು.

ಈ ಏರ್ಪಾಡಿನಿಂದ ಎರಡು ಪರಿಣಾಮಗಳಾದವು. ಮೊದಲನೆಯದಾಗಿ, ಬಾಟಲಿ ಅಂಗಡಿಯಲ್ಲೇ ಉಳಿಯಬೇಕಾದ್ದರಿಂದ ಕುಡಿಯುವವರು ಅಲ್ಲೇ ನಿಂತು ಕುಡಿದು ಮುಗಿಸಬೇಕಿತ್ತು, ಮನೆಯವರೆಲ್ಲ ಒಟ್ಟಿಗೆ ಕುಡಿಯುವ ಸಂದರ್ಭ ಒದಗುತ್ತಿದ್ದುದು ಕ್ರೇಟುಗಟ್ಟಲೆ ತರಿಸಿ ಐಸಿನಲ್ಲಿ ಹುದುಗಿಸಿಡುತ್ತಿದ್ದ ಮದುವೆ ಮನೆಗಳಲ್ಲಿ. ಬೀಗರಿಗೆ ಬಣ್ಣದ ಬಾಟಲಿ ಕೊಡುವುದು ಉಪಚಾರದ ಒಂದು ಅಂಗವೇ ಆಗಿತ್ತು. ಎರಡನೆಯದಾಗಿ, ಖಾಲಿ ಬಾಟಲಿಗಳನ್ನು ಹೊತ್ತು ಮರಳುವ ಲಾರಿಯ ಖರ್ಚು ಸೇರುತ್ತಿದ್ದುದರಿಂದ ದೂರ ಹೆಚ್ಚಿದಷ್ಟೂ ಸರಬರಾಜುದಾರರಿಗೆ ಉತ್ಸಾಹ ಕಡಿಮೆಯಾಗುತ್ತಿತ್ತು.

ಕೋಲಾದ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರೇ ಎಂಬುದನ್ನು ಇಲ್ಲಿ ನೆನೆಯಬೇಕು. ಇಂದು ರಾಜ್ಯದಲ್ಲಿ ಬಿಡದಿ, ನೆಲಮಂಗಲ, ಧಾರವಾಡದಂಥ ಕಡೆಗಳಲ್ಲಿ ದೊಡ್ಡ ಘಟಕಗಳಿವೆ. ನದಿಯ ದಂಡೆಯ ಮೇಲಿರುವ ಹೊನ್ನಾಳಿಯೂ ಬಾಯಾರಿಕೆ ತಣಿಸುವ ನೀರನ್ನು ನೂರಾರು ಕಿಲೋಮೀಟರ್ ಆಚೆಯಿಂದ ತರಿಸಿಕೊಂಡು ಕುಡಿಯುತ್ತದೆ ಎಂಬುದು ಈ ಉದ್ಯಮದ ಸಹಜ ಸ್ಥಿತಿಯೇ ಆಗಿಬಿಟ್ಟಿದೆ.

1977 ಮತ್ತು ಮೈಸೂರಿನ ಕೋಲಾ

ಪಾರ್ಲೆ ಕಂಪನಿಯ ಕಿತ್ತಳೆ ರುಚಿಯ ಗೋಲ್ಡ್ ಸ್ಪಾಟ್ 1950ರ ದಶಕದಲ್ಲೇ ಬಂದಿತ್ತು, ಅದೇ ದಶಕದಿಂದ ಕೋಕಾ ಕೋಲಾ ಕೂಡ ದೇಶದಲ್ಲಿ ಮಾರಾಟವಾಗುತ್ತಿತ್ತು. ವಿದೇಶಿ ಕಂಪನಿಗಳು ಭಾರತೀಯ ಅಂಗಸಂಸ್ಥೆಗಳಲ್ಲಿ ತಮ್ಮ ಪಾಲನ್ನು ಸಾಮಾನ್ಯವಾಗಿ ಶೇ 40ಕ್ಕೆ ಇಳಿಸಬೇಕೆಂದು 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ಒತ್ತಾಯಿಸಿತು. ಜನತಾ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಆ ಷರತ್ತನ್ನು ಬಿಗಿಯಾಗಿ ಹಿಡಿದಾಗ, ಪಾಲನ್ನೂ ಸೂತ್ರದ ಗುಟ್ಟನ್ನೂ ಬಿಟ್ಟುಕೊಡಲು ಒಪ್ಪದ ಕೋಕಾ ಕೋಲಾ 1977ರಲ್ಲಿ ದೇಶ ಬಿಟ್ಟಿತು.

ತೆರವಾದ ಜಾಗಕ್ಕೆ ಬಂದವುಗಳಲ್ಲಿ ಒಂದು ಕನ್ನಡನಾಡಿನ ಪ್ರಯೋಗಾಲಯದ್ದು ಎಂಬುದನ್ನು ಇಂದು ನೆನೆಯುವವರು ಕಡಿಮೆ. ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹೊಸ ಕೋಲಾದ ಸೂತ್ರ ರೂಪಿಸಿದರು, ಬ್ರೆಡ್ ತಯಾರಿಸುತ್ತಿದ್ದ ಸರ್ಕಾರಿ ಸಂಸ್ಥೆ ಮಾಡರ್ನ್ ಬೇಕರೀಸ್ ಅದನ್ನು ಮಾರುಕಟ್ಟೆಗೆ ತಂದಿತು, ಹೊಸ ಸರ್ಕಾರ ಬಂದ ವರ್ಷದ ನೆನಪಿಗೆ ಡಬಲ್ ಸೆವೆನ್ ಎಂಬ ಹೆಸರು ಬಂತು.

ಸೂತ್ರ ಸಿದ್ಧವಾಗಿತ್ತು, ಅದನ್ನು ಊರೂರಿಗೆ ಒಯ್ಯುವ ಬಾಟಲಿ ಮತ್ತು ಲಾರಿಗಳ ಬಲವಾದ ಜಾಲ ಆ ಸಂಸ್ಥೆಗೆ ಇರಲಿಲ್ಲ. 1980ರಲ್ಲಿ ಸರ್ಕಾರ ಬದಲಾದ ಬಳಿಕ ಬೆಂಬಲವೂ ಸೊರಗಿ ಡಬಲ್ ಸೆವೆನ್ ಕಣ್ಮರೆಯಾಯಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ದೇಶಕ್ಕೆ ಕೊಟ್ಟ ಸಂಸ್ಥೆಯ ಕೋಲಾ ಜನರ ಕೈಗೆ ಸರಿಯಾಗಿ ಸಿಗದೆಯೇ ಸೋತದ್ದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಸೋತದ್ದು ಪ್ರಯೋಗಾಲಯದ ಕೆಲಸವಲ್ಲ, ಅದರಾಚೆಗಿನ ಏರ್ಪಾಡು.

ಗೆದ್ದವರಿಗೆ ಆ ಏರ್ಪಾಡು ಮೊದಲೇ ಇತ್ತು. ಕೋಕಾ ಕೋಲಾವನ್ನು ಬಾಟಲಿಗೆ ತುಂಬುತ್ತಿದ್ದ ದೆಹಲಿಯ ಪ್ಯೂರ್ ಡ್ರಿಂಕ್ಸ್ ತನ್ನದೇ ಕಾಂಪಾ ಕೋಲಾ ತಂದಿತು. ಪಾರ್ಲೆ 1977ರಲ್ಲೇ ಥಮ್ಸ್ ಅಪ್ ಹೊರತಂದು ಲಿಮ್ಕಾ, ಮಾಝಾ, ಗೋಲ್ಡ್ ಸ್ಪಾಟ್‌ಗಳ ಸಾಲಿಗೆ ಸೇರಿಸಿತು. 1980ರ ದಶಕದಲ್ಲಿ ಬೆಂಗಳೂರಿನ ಯುಬಿ ಸಮೂಹದ ಮೆಕ್‌ಡೊವೆಲ್ ಕೂಡ ಥ್ರಿಲ್ ಎಂಬ ಕೋಲಾದೊಂದಿಗೆ ಕಣಕ್ಕಿಳಿಯಿತು, ಅದು ಹೆಚ್ಚು ಕಾಲ ಬಾಳಲಿಲ್ಲ.

ಗೋಲ್ಡ್ ಸ್ಪಾಟ್ ಮುಗಿದ ಬಗೆ

ಪೆಪ್ಸಿ 1990ರಲ್ಲಿ ಲೆಹರ್ ಎಂಬ ದೇಸಿ ಪದವನ್ನು ಹೆಸರಿನ ಮುಂದೆ ಅಂಟಿಸಿಕೊಂಡು ಬಂತು, ಉದಾರೀಕರಣದ ನಂತರ 1993ರಲ್ಲಿ ಕೋಕಾ ಕೋಲಾ ಮರಳಿತು. ಆಗ ಪಾರ್ಲೆಯ ಒಡೆಯರಾಗಿದ್ದ ರಮೇಶ್ ಚೌಹಾಣ್ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಸಿಟ್ರಾ ಮತ್ತು ಮಾಝಾ ಬ್ರ್ಯಾಂಡ್‌ಗಳನ್ನು ಕೋಕಾ ಕೋಲಾಕ್ಕೆ ಮಾರಿದರು. ಆ ವ್ಯವಹಾರದ ಮೊತ್ತ ಸುಮಾರು 4 ಕೋಟಿ ಡಾಲರ್ ಎಂದು ವರದಿಯಾಗಿತ್ತು.

ಕೊಂಡವರಿಗೆ ಬ್ರ್ಯಾಂಡ್‌ಗಳಷ್ಟೇ ಬೆಲೆಬಾಳುವಂಥದ್ದು ಅವುಗಳ ಬೆನ್ನಿಗಿದ್ದ ಜಾಲ, ಎಂದರೆ ದೇಶದುದ್ದಕ್ಕೂ ಪಾರ್ಲೆಯ ಪಾನೀಯ ತುಂಬುತ್ತಿದ್ದ ಘಟಕಗಳು, ಅವುಗಳ ಬಾಟಲಿ ಮತ್ತು ಕ್ರೇಟುಗಳು, ತಾಲ್ಲೂಕು ಪೇಟೆಯ ಅಂಗಡಿಯವರೊಂದಿಗೆ ವರ್ಷಗಳಿಂದ ಬೆಳೆದಿದ್ದ ಲೆಕ್ಕಪತ್ರದ ನಂಟು. ಹೊಸಬರು ಇವನ್ನೆಲ್ಲ ಮೊದಲಿನಿಂದ ಕಟ್ಟಲು ಹೋಗಿದ್ದರೆ ಹಲವು ವರ್ಷ ಹಿಡಿಯುತ್ತಿತ್ತು.

ಜಾಲ ಕೈಗೆ ಬಂದ ಮೇಲೆ ಒಂದೇ ಕಂಪನಿಯ ಬಳಿ ಒಂದೇ ರುಚಿಯ ಎರಡೆರಡು ಪಾನೀಯಗಳಾದವು. ಕಿತ್ತಳೆಯಲ್ಲಿ ತನ್ನದೇ ಫಾಂಟಾ ಇದ್ದುದರಿಂದ ಗೋಲ್ಡ್ ಸ್ಪಾಟ್‌ನ ತಯಾರಿಕೆ ಕಡಿಮೆಯಾಗುತ್ತ ಬಂದು ನಿಂತಿತು. ಬಣ್ಣವಿಲ್ಲದ ನಿಂಬೆ ಪಾನೀಯ ಸಿಟ್ರಾ ಹೋದ ಜಾಗದಲ್ಲಿ 1999ರಲ್ಲಿ ಸ್ಪ್ರೈಟ್ ಬಂತು. ಥಮ್ಸ್ ಅಪ್‌ಗೂ ಇದೇ ಗತಿ ಎಂದು ಹಲವರು ಊಹಿಸಿದ್ದರು, ಆದರೆ ಕೋಕ್‌ಗಿಂತ ಖಾರವಾದ ಅದರ ಘಾಟನ್ನು ಜನ ಬಿಡಲಿಲ್ಲ, ಪೆಪ್ಸಿಯನ್ನು ಎದುರಿಸಲು ಅದೇ ಗಟ್ಟಿ ಆಯುಧವೆಂದು ಕಂಪನಿಗೂ ಮನವರಿಕೆಯಾಯಿತು. 2021ರಲ್ಲಿ ಥಮ್ಸ್ ಅಪ್‌ನ ವಾರ್ಷಿಕ ಮಾರಾಟ ನೂರು ಕೋಟಿ ಡಾಲರ್ ಮುಟ್ಟಿತು.

ಥಮ್ಸ್ ಅಪ್‌ನ ಉಳಿವಿನಲ್ಲಿ ನಾಲಿಗೆಯ ಪಾತ್ರ ನಿಜವಾಗಿಯೂ ಇದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಗೋಲ್ಡ್ ಸ್ಪಾಟ್‌ನ ವಿಷಯದಲ್ಲಿ ಮಾತ್ರ ಚನ್ನಗಿರಿಯ ಅಥವಾ ನ್ಯಾಮತಿಯ ಗ್ರಾಹಕ ಅದನ್ನು ತಿರಸ್ಕರಿಸಿದ್ದನೆನ್ನಲು ಆಧಾರವಿಲ್ಲ. ಅಂಗಡಿಯಲ್ಲಿ ಕೇಳಿದರೆ ಬರುತ್ತಿಲ್ಲ ಎಂಬ ಉತ್ತರ ಸಿಕ್ಕಿತು, ಕೇಳುವುದೂ ಕ್ರಮೇಣ ನಿಂತಿತು.

ಚೌಕಟ್ಟಿನಲ್ಲಿ: ಐಸು ಬೇಡದ ಫ್ರೂಟಿ
1985ರಲ್ಲಿ ಬಂದ ಮಾವಿನ ರುಚಿಯ ಫ್ರೂಟಿ ಕಾಗದ, ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳ ಪೊಟ್ಟಣದಲ್ಲಿತ್ತು. ಗಾಳಿ, ಬೆಳಕು ಒಳಹೋಗದ ಈ ಪೊಟ್ಟಣ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡುವುದಿಲ್ಲ, ಖಾಲಿಯಾದ ಮೇಲೆ ಹಿಂದಿರುಗಿಸಬೇಕಿಲ್ಲ. ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನ ಕಿಟಕಿಗೆ ಚಾಚಬಹುದಾದ ಮೊದಲ ದೊಡ್ಡ ಬ್ರ್ಯಾಂಡ್ ಅದೇ.

ಐದು ರೂಪಾಯಿ, ಕೀಟನಾಶಕ, ಕಂಪನಿಯ ಫ್ರಿಜ್

2003ರಲ್ಲಿ ಕೋಕಾ ಕೋಲಾ 200 ಮಿಲಿಲೀಟರಿನ ಗಾಜಿನ ಬಾಟಲಿಗೆ ಐದು ರೂಪಾಯಿ ಬೆಲೆ ನಿಗದಿ ಮಾಡಿ ಹಳ್ಳಿಗಳತ್ತ ನುಗ್ಗಿತು. ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 12 ಬ್ರ್ಯಾಂಡ್‌ಗಳ ಮಾದರಿಗಳಲ್ಲಿ ಕೀಟನಾಶಕದ ಅಂಶ ಪತ್ತೆಯಾಗಿದೆ ಎಂದು ಪ್ರಕಟಿಸಿತು, ಶರದ್ ಪವಾರ್ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿ 2004ರಲ್ಲಿ ಆ ಫಲಿತಾಂಶವನ್ನು ಎತ್ತಿಹಿಡಿಯಿತು. ಮಾರಾಟ ಕೆಲಕಾಲ ಕುಸಿದು ಮತ್ತೆ ಚೇತರಿಸಿಕೊಂಡಿತು.

ಆಮೇಲೆ ಬಂದ ಎರಡು ಬದಲಾವಣೆಗಳು ಹೆಚ್ಚು ಸದ್ದು ಮಾಡಲಿಲ್ಲವಾದರೂ ಆಳವಾಗಿದ್ದವು. ಪೆಟ್ ಎಂಬ ಹಗುರ ಪ್ಲಾಸ್ಟಿಕ್ ಬಾಟಲಿ ಖಾಲಿ ಹೊತ್ತು ತರುವ ಕೆಲಸವನ್ನು ತಪ್ಪಿಸಿತು, ಇದರಿಂದ ಲಾರಿ ಒಮ್ಮುಖವಾಗಿ ಎಷ್ಟು ದೂರ ಬೇಕಾದರೂ ಹೋಗುವಂತಾಯಿತು. ಹಿಂದಿರುಗಬೇಕಾದ ಬಾಟಲಿ ಹೋಗಿ, ಕೆರೆಯಂಗಳದಲ್ಲೂ ಚರಂಡಿಯಲ್ಲೂ ಉಳಿಯುವ ಬಾಟಲಿ ಬಂತು. ಇನ್ನೊಂದು ಬದಲಾವಣೆ ಗಾಜಿನ ಬಾಗಿಲಿನ ಫ್ರಿಜ್.

ಬಹಳಷ್ಟು ಅಂಗಡಿಗಳಲ್ಲಿ ಆ ಫ್ರಿಜ್ ಅಂಗಡಿಯವರದ್ದಲ್ಲ, ಪಾನೀಯ ಕಂಪನಿಯದ್ದು. ತನ್ನ ಸರಕನ್ನಷ್ಟೇ ಇಡಬೇಕು ಅಥವಾ ತನ್ನ ಸರಕನ್ನೇ ಮುಂದಿಡಬೇಕೆಂಬ ಷರತ್ತಿನ ಮೇಲೆ ಕಂಪನಿ ಅದನ್ನು ಕೊಟ್ಟಿರುತ್ತದೆ. ಸಣ್ಣ ತಯಾರಕನ ನಿಂಬೆ ಸೋಡಾ ಎಷ್ಟೇ ರುಚಿಯಾಗಿದ್ದರೂ ಅದನ್ನು ತಂಪಾಗಿಡುವ ಜಾಗ ಇಲ್ಲದೆ ಹೋದರೆ ಏಪ್ರಿಲ್ ತಿಂಗಳ ಜಗಳೂರಿನಲ್ಲಿ ಅದನ್ನು ಕೊಳ್ಳುವವರಿಲ್ಲ. ಜಾಹೀರಾತಿಗಿಂತಲೂ ಈ ಒಂದು ಪೆಟ್ಟಿಗೆ ಊರಿನ ರುಚಿಯನ್ನು ಹೆಚ್ಚು ಬದಲಾಯಿಸಿದೆ ಎಂದರೆ ತಪ್ಪಾಗಲಾರದು.

ಪುತ್ತೂರಿನಿಂದ ಬಂದ ಜೀರಿಗೆ

ಹೀಗಿದ್ದೂ ಒಂದು ಕನ್ನಡದ ಬ್ರ್ಯಾಂಡ್ ಈ ಗೋಡೆಯನ್ನು ದಾಟಿತು. ಆಟೊ ಚಾಲಕರಾಗಿ ದುಡಿಮೆ ಆರಂಭಿಸಿದ್ದ ಸತ್ಯಶಂಕರ ಅವರು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ 2000ದಲ್ಲಿ ಬಿಂದು ಹೆಸರಿನ ಕುಡಿಯುವ ನೀರನ್ನೂ 2002ರಲ್ಲಿ ಜೀರಾ ಮಸಾಲಾ ಪಾನೀಯವನ್ನೂ ಮಾರುಕಟ್ಟೆಗೆ ತಂದರು.

ಅದರ ಗೆಲುವಿನ ಬುದ್ಧಿವಂತಿಕೆ ಇರುವುದು ಕೋಲಾವನ್ನು ಅನುಕರಿಸದೇ ಇದ್ದುದರಲ್ಲಿ. ಉಂಡ ಮೇಲೆ ಜೀರಿಗೆ ಕಷಾಯವೋ ಒಗ್ಗರಣೆಯ ಮಜ್ಜಿಗೆಯೋ ಕುಡಿಯುವ ಮನೆಗಳಿಗೆ ಜೀರಿಗೆ, ಉಪ್ಪು, ಹುಳಿಯ ಸೋಡಾ ಹೊಸದಾಗಿ ಕಲಿಯಬೇಕಾದ ರುಚಿಯಾಗಿರಲಿಲ್ಲ, ಆಗ ದೊಡ್ಡ ಕಂಪನಿಗಳು ಆ ರುಚಿಯ ಮೇಲೆ ಹಿಡಿತವನ್ನೂ ಸಾಧಿಸಿರಲಿಲ್ಲ. ಮಲೆನಾಡನ್ನು ಏರಿ ಬಯಲುಸೀಮೆಯ ಬೇಕರಿಗಳ ತನಕ ಅದು ಹಬ್ಬಿದ ಮೇಲೆ ಪಾರ್ಲೆಯ ಕಾಲದ ರಿಮ್‌ಝಿಮ್ ಎಂಬ ಜೀರಿಗೆ ಪಾನೀಯವನ್ನು ಕೋಕಾ ಕೋಲಾ ಮತ್ತೆ ಮಾರುಕಟ್ಟೆಗಿಳಿಸಿತು. ಊರಿನ ಹತ್ತಿರದಲ್ಲೇ ಹುಟ್ಟಿದ ರುಚಿಗೂ ಬಾಟಲಿ, ಲಾರಿ, ಅಂಗಡಿಯವರ ಒಲವು ಒದಗಿದರೆ ಅದು ಗೆಲ್ಲಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಹಾಲು ಒಕ್ಕೂಟದ ದಾರಿ ಬೇರೆಯದು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರೂ ಜಿಲ್ಲೆಗಳ ಹಾಲು ಉತ್ಪಾದಕರ ಒಕ್ಕೂಟವಾದ ಶಿಮುಲ್‌ನ ವಾಹನಗಳು ಹಾಲು ಹೊತ್ತು ಹೇಗೂ ಪ್ರತಿದಿನ ಈ ಪೇಟೆಗಳಿಗೆ ಬರುತ್ತವೆ. ಅದೇ ಗಾಡಿಯಲ್ಲಿ ಮಜ್ಜಿಗೆಯೂ ಬರುವುದರಿಂದ, ದಾರಿಯ ಖರ್ಚಿನಲ್ಲಿ ಯಾವ ಕೋಲಾ ಕಂಪನಿಗೂ ಇಲ್ಲದ ಅನುಕೂಲ ನಂದಿನಿಗಿದೆ.

ಕಾಂಪಾದ ಮರುಜನ್ಮ ಮತ್ತು ತೆರಿಗೆ

ಮಾರುಕಟ್ಟೆಯಿಂದ ಬಹುಮಟ್ಟಿಗೆ ಮರೆಯಾಗಿದ್ದ ಕಾಂಪಾವನ್ನು 2022ರಲ್ಲಿ ರಿಲಯನ್ಸ್ ಕೊಂಡು 2023ರ ಮಾರ್ಚಿನಲ್ಲಿ ಕೋಲಾ, ನಿಂಬೆ, ಕಿತ್ತಳೆ ರುಚಿಗಳಲ್ಲಿ ಮರಳಿ ತಂದಿತು. ಹೊಸ ಕಾಂಪಾವನ್ನು ಕುಡಿಯುವ ಹುಡುಗರಿಗೆ 1980ರ ದಶಕದ ನೆನಪಿಲ್ಲ, ಅವರನ್ನು ಸೆಳೆದದ್ದು 200 ಮಿಲಿಲೀಟರಿಗೆ ಹತ್ತು ರೂಪಾಯಿ ಎಂಬ ಬೆಲೆ, ಅಂಗಡಿಯವರನ್ನು ಸೆಳೆದದ್ದು ಹೆಚ್ಚಿನ ಕಮಿಷನ್. ಉಳಿದ ಕಂಪನಿಗಳೂ ಸಣ್ಣ, ಅಗ್ಗದ ಬಾಟಲಿಗಳತ್ತ ತಿರುಗಬೇಕಾಯಿತು. ಹಳೆಯ ಹೆಸರೊಂದು ಮರಳುವುದಕ್ಕೆ ಹಳಬರ ಹಂಬಲ ಸಾಲದು, ದೊಡ್ಡ ಬಂಡವಾಳ ಬೇಕು. ಗೋಲ್ಡ್ ಸ್ಪಾಟ್‌ನ ಮೇಲೆ ಅಂಥ ಬಂಡವಾಳ ಹೂಡುವ ಮನಸ್ಸು ಅದರ ಒಡೆಯರಿಗೆ ಈ ತನಕ ಬಂದಿಲ್ಲ.

ತೆರಿಗೆಯ ಚಿತ್ರ ಈ ನಡುವೆ ಬದಲಾಗಿದೆ. ಸಿಹಿ ಬೆರೆಸಿದ ಅನಿಲಭರಿತ ಪಾನೀಯಗಳಿಗೆ 2017ರ ಜುಲೈ 1ರಿಂದ ಶೇ 28 ಜಿಎಸ್‌ಟಿ ಮತ್ತು ಶೇ 12 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಒಟ್ಟು ಶೇ 40ರ ಒಂದೇ ದರ ಬಂತು, ಸಿಹಿಯಿಲ್ಲದ ಬರಿ ಸೋಡಾದ ದರ ಶೇ 18ರಿಂದ 5ಕ್ಕೆ ಇಳಿಯಿತು. ಸಾಮಾನ್ಯ ಕೋಲಾದ 200 ಮಿಲಿಲೀಟರಿನಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುವಾಗ ಸಿಹಿಗೆ ಹೆಚ್ಚು ತೆರಿಗೆ ಹಾಕುವುದಕ್ಕೆ ಆರೋಗ್ಯದ ಸಮರ್ಥನೆ ಇದೆ.

ಸಣ್ಣ ಸೋಡಾ ತಯಾರಕರ ವಿಷಯದಲ್ಲಿ ನ್ಯಾಯ ಕಾಣಿಸದೇ ಇರುವುದು ಇನ್ನೊಂದು ನಿಯಮದಲ್ಲಿ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂಪಾಯಿ ದಾಟದ ತಯಾರಕರು ಸರಳ ಲೆಕ್ಕದೊಂದಿಗೆ ವಹಿವಾಟಿನ ಶೇ 1ರಷ್ಟನ್ನು ಮಾತ್ರ ಕಟ್ಟಬಹುದಾದ ರಾಜಿ ತೆರಿಗೆ ಯೋಜನೆಯೊಂದು ಜಿಎಸ್‌ಟಿಯಲ್ಲಿದೆ. 2019ರ ಅಕ್ಟೋಬರ್‌ನಿಂದ ಸಿಹಿ ಅಥವಾ ರುಚಿ ಬೆರೆಸಿದ ಅನಿಲಭರಿತ ನೀರಿನ ತಯಾರಕರನ್ನು ಪಾನ್ ಮಸಾಲಾ ಮತ್ತು ತಂಬಾಕಿನವರ ಜೊತೆ ಸೇರಿಸಿ ಅದರಿಂದ ಹೊರಗಿಡಲಾಗಿದೆ. ರಫ್ತು ಸಂಸ್ಥೆ ಗೋಲಿ ಸೋಡಾವನ್ನು ನಾಡಿನ ಹೆಮ್ಮೆಯೆಂದು ಹೊರದೇಶಕ್ಕೆ ಒಯ್ಯುತ್ತಿರುವ ಹೊತ್ತಿನಲ್ಲಿ, ಹೊನ್ನಾಳಿಯಲ್ಲೋ ನ್ಯಾಮತಿಯಲ್ಲೋ ಅದೇ ಬಾಟಲಿ ತುಂಬಲು ಹೊರಡುವ ಸಣ್ಣ ತಯಾರಕನನ್ನು ತಂಬಾಕಿನ ಸಾಲಿನಲ್ಲಿ ನಿಲ್ಲಿಸುವ ಈ ನಿಯಮವನ್ನು ಜಿಎಸ್‌ಟಿ ಮಂಡಳಿ ತೆಗೆದುಹಾಕಬೇಕು.